ಬಿದ್ದ ಮರಕ್ಕೆ ಘಟನೋತ್ತರ ಅನುಮೋದನೆ

ಮುಸ್ಸಂಜೆಯಲ್ಲಿ ಕೆಟ್ಟ ಮಾತು ಬಾಯಿಗೆ ಬಂದರೆ ನಮ್ಮಜ್ಜಿ ಗದರುತ್ತಿದ್ದಳು: ‘ಬಿಡ್ತು ಅನ್ನೋ, ಅಸ್ತು ದೇವತೆಗಳು ಓಡಾಡೋ ಹೊತ್ತು.’ ನಾವು ಏನಂದರೂ ಅವು ಅಸ್ತು ಅಂದುಬಿಡುತ್ತವಂತೆ, ಅಂದದ್ದು ಆಗಿಯೇ ಬಿಡುತ್ತದಂತೆ. ಆ ದೇವತೆಗಳೆಲ್ಲ ಈಗ ಎಲ್ಲಿವೆ ಅಂತ ನನಗೆ ಗೊತ್ತಾಗಿದೆ. ವಿಶ್ವವಿದ್ಯಾಲಯದ ಸಿಂಡಿಕೇಟ್, ಅಂದರೆ ಅದರ ಆಡಳಿತ ಮಂಡಳಿ, ಸೇರುವ ಸಭಾಂಗಣದಲ್ಲಿ ಹುರಿದ ಗೋಡಂಬಿ ಮೆಲ್ಲುತ್ತ ಕೂತಿವೆ. ಹಿಂದೆ ಅವು ಅಸ್ತು ಅಂದ ಮೇಲೆ ಆಗುತ್ತಿತ್ತು. ಈಗ ಆದ ಮೇಲೆ ಅಸ್ತು ಅನ್ನುತ್ತವೆ. ಕಡತದ ಕನ್ನಡದಲ್ಲಿ ಇದಕ್ಕೆ ‘ಘಟನೋತ್ತರ ಅನುಮೋದನೆ’ ಎಂದು ಹೆಸರು.

ಈ ಪದವನ್ನು ನನಗೆ ಕಲಿಸಿದವರು ನಮ್ಮ ಬೀದಿಯ ರಾಯರು. ಸಿಂಡಿಕೇಟ್ ಶಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ, ಅವರ ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಬರುತ್ತದೆ ಅಂತ ಅವರು ನಂಬಿದ್ದಾರೆ.

ಅವರು ಹೇಳಿದ ಮರದ ಕತೆ ಕೇಳಿ. ಒಂದು ಮಳೆಗಾಲದ ರಾತ್ರಿ ಆಡಳಿತ ಭವನದ ಮುಂದಿದ್ದ ಹೊಂಗೆ ಮರ, ಬುಡದಲ್ಲಿ ಎರಡಡಿ ಉಳಿಸಿ, ಮುರಿದು ಬಿತ್ತು. ಬೆಳಿಗ್ಗೆ ಬಂದ ಇಂಜಿನಿಯರು ಬಿದ್ದ ಮರ ಕಡಿಸಿದರು, ಮೂರನೇ ದಿನ ಸೌದೆ ಹರಾಜಾಯಿತು. ಆಮೇಲೆ ಲೆಕ್ಕಪರಿಶೋಧನೆಯವರು ಬಂದು, ಮರ ಕಡಿಯಲು ಅನುಮತಿ ಎಲ್ಲಿ ಅಂದರು. ಬಿದ್ದದ್ದಲ್ಲವೇ ಸಾರ್ ಅಂದರೆ, ಹಾಗಾದರೆ ಬಿದ್ದದ್ದಕ್ಕೆ ಅನುಮತಿ ಎಲ್ಲಿ ಅಂದರು. ವಿಷಯ ಸಿಂಡಿಕೇಟಿಗೆ ಹೋಯಿತು. ಒಬ್ಬ ಸದಸ್ಯರು, ಪಾಪ, ಹೊಸದಾಗಿ ನಾಮನಿರ್ದೇಶನಗೊಂಡವರು, ಕನ್ನಡಕ ಸರಿಮಾಡಿಕೊಂಡು ‘ಬೀಳೋಕ್ಕೆ ಮುಂಚೆ ಯಾಕೆ ಸಭೆಗೆ ತರಲಿಲ್ಲ?’ ಎಂದು ಕೇಳಿದರು.

‘ತುರ್ತಾಗಿತ್ತು’ ಅಂದರು ಕುಲಪತಿಗಳು.

‘ಸದರಿ ಹೊಂಗೆ ಮರದ ಬೀಳುವಿಕೆಗೆ ಘಟನೋತ್ತರ ಅನುಮೋದನೆ ನೀಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’ ಎಂದು ರಾಯರೇ ನಡಾವಳಿ ಬರೆದರಂತೆ. ಮರ ಅಂದಿನಿಂದ ಕಾನೂನುಬದ್ಧವಾಗಿ ಬಿದ್ದಿದೆ.

‘ತುರ್ತು’ ಅನ್ನುವುದು ಕುಲಪತಿಗಳು ತಾವೇ ಕಟ್ಟಿದ ಸಬೂಬಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರಲ್ಲೇ ಅದಕ್ಕೊಂದು ಕಿಂಡಿಯಿದೆ. ತುರ್ತಿದ್ದರೆ ಕುಲಪತಿಗಳು ಮೊದಲು ಮಾಡಿ, ಆಮೇಲೆ ಪ್ರಾಧಿಕಾರಕ್ಕೆ ವರದಿ ಒಪ್ಪಿಸಬಹುದು. ಕಿಂಡಿ ಬಿಟ್ಟದ್ದು ಗಾಳಿಯಾಡಲಿ ಅಂತ. ಈಗ ಅದರಲ್ಲಿ ಲಾರಿ ಓಡಾಡುತ್ತದೆ. ಕಟ್ಟಡ ಎದ್ದ ಮೇಲೆ ಅಂದಾಜು ಪಟ್ಟಿ ಬರುತ್ತದೆ, ಟೆಂಡರು ಮುಗಿದ ಮೇಲೆ ಷರತ್ತು ಬರುತ್ತದೆ, ವಿದೇಶ ಪ್ರವಾಸದಿಂದ ಹಿಂತಿರುಗಿದ ಮೇಲೆ ಹೋಗಲು ಅನುಮತಿ ಬರುತ್ತದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆಯಿದೆಯಲ್ಲ, ಇಲ್ಲಿ ಬಾಗಿಲು ಹಾಕುವುದೂ ಇಲ್ಲ, ಸೂರೆಗೊಂದು ಘಟನೋತ್ತರ ಅನುಮೋದನೆ ಕೊಟ್ಟರೆ ಮುಗಿಯಿತು.

ಸಭೆಯ ರೀತಿಯೂ ಸೊಗಸು. ದಪ್ಪ ಕಾರ್ಯಸೂಚಿ ಕೈಗೆ ಸಿಗುವುದು ಹಿಂದಿನ ರಾತ್ರಿ. ಹಿಂದಿನ ಸಭೆಯ ನಡಾವಳಿ ದೃಢೀಕರಿಸುವಷ್ಟರಲ್ಲಿ ಕಾಫಿ. ಅನುಪಾಲನಾ ವರದಿಯಲ್ಲಿ ಎಲ್ಲದರ ಮುಂದೆಯೂ ‘ಕ್ರಮ ಜರುಗಿಸಲಾಗುತ್ತಿದೆ’. ವರ್ಷಗಟ್ಟಲೆ ವರ್ತಮಾನ ಕಾಲದಲ್ಲೇ ನಿಂತಿರುವ ಕ್ರಿಯಾಪದ ಕನ್ನಡದಲ್ಲಿ ಬೇರೆ ಇರಲಾರದು. ಊಟದ ಹೊತ್ತಿಗೆ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’ ಎಂಬ ಬಿಡಿ ಹಾಳೆಗಳು ಮೇಜಿನ ಮೇಲೆ ಬರುತ್ತವೆ. ಸಭೆ ಕರೆದದ್ದೇ ಅದಕ್ಕೆ. ಹೋಳಿಗೆ ಆರುತ್ತಿರುವಾಗ ಯಾರು ಓದುತ್ತಾರೆ? ಅಸ್ತು.

ಪಠ್ಯಕ್ರಮದ್ದೂ ಇದೇ ಪಾಡು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವೇ, ಪದವಿಗೆ ನಾಲ್ಕು ವರ್ಷ. ಸರ್ಕಾರ ಬದಲಾಯಿತು. 2024ರ ಮೇ ತಿಂಗಳಲ್ಲಿ ಮತ್ತೆ ಮೂರೇ ವರ್ಷ. ಆ ಸಾಲಿನಲ್ಲಿ ಮೊದಲ ವರ್ಷದವನಿಗೆ ಒಂದು ನೀತಿ, ಅವನ ಅಕ್ಕನಿಗೆ ಇನ್ನೊಂದು, ಇಬ್ಬರಿಗೂ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಯಾವ ನೀತಿಯೂ ಇಲ್ಲ. ಹೊಸ ಪಠ್ಯಕ್ರಮ ಅಧ್ಯಯನ ಮಂಡಳಿ ದಾಟಿ, ನಿಕಾಯ ದಾಟಿ, ವಿದ್ಯಾವಿಷಯಕ ಪರಿಷತ್ತು ದಾಟಿ ಸಿಂಡಿಕೇಟಿಗೆ ಬರುವಾಗ ಹುಡುಗರು ಕಿರುಪರೀಕ್ಷೆ ಬರೆದಿರುತ್ತಾರೆ.

ಆದರೆ ಇದೆಲ್ಲ ಚಿಲ್ಲರೆ. ಸಗಟು ವ್ಯಾಪಾರ ನೋಡಬೇಕಿದ್ದರೆ ಹಾವೇರಿಗೋ ಕೊಡಗಿಗೋ ಹೋಗಬೇಕು. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರದ ಫಲಕ ಬದಲಾಯಿಸಿದರು, ಹಾವೇರಿ ವಿಶ್ವವಿದ್ಯಾಲಯವಾಯಿತು. ಚಿಕ್ಕ ಅಳುವಾರದ ಕೇಂದ್ರದ ಫಲಕ ಬದಲಾಯಿತು, ಕೊಡಗು ವಿಶ್ವವಿದ್ಯಾಲಯ ಹುಟ್ಟಿತು. ಹೀಗೆ ಹುಟ್ಟಿದ ಜಿಲ್ಲಾ ವಿಶ್ವವಿದ್ಯಾಲಯಗಳಿಗೆ ಸರ್ಕಾರ ಉಡುಗೊರೆ ಕೊಟ್ಟದ್ದು ತಲಾ 2 ಕೋಟಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಗುತ್ತೇವೆ. ಇಲ್ಲಿ ಕೂಸು ಅಳುತ್ತಿದ್ದರೂ ಕುಲಾವಿಗೆ ಬಟ್ಟೆಯಿಲ್ಲ. 2025ರ ಫೆಬ್ರುವರಿಯಲ್ಲಿ ಮುಂದಿನ ಸರ್ಕಾರದ ಸಂಪುಟ ಉಪಸಮಿತಿ ಕೂತು, ಹಿಂದಿನವರ ಕಾಲದ ಹತ್ತರಲ್ಲಿ ಒಂಬತ್ತನ್ನು ಮುಚ್ಚುವುದೇ ವಾಸಿ, ಬೀದರಿನದೊಂದು ಇರಲಿ ಅಂದಿತು. ಬೇಕೇ ಎಂಬ ಪ್ರಶ್ನೆಯನ್ನು ಕಟ್ಟುವ ಮುಂಚೆ ಕೇಳಿದ್ದರೆ ಅದು ಯೋಜನೆ ಆಗುತ್ತಿತ್ತು. ಆಮೇಲೆ ಕೇಳಿದ್ದಕ್ಕೆ ಉಪಸಮಿತಿ ಆಯಿತು.

ಉಲ್ಟಾ ಹೊಡೆದದ್ದೂ ಉಂಟು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ‘ಮುಕ್ತ’ ಎಂಬ ಹೆಸರನ್ನು ಮನಸಾರೆ ನಂಬಿ ರಾಜ್ಯದ ಗಡಿಯಾಚೆಗೂ ಕೋರ್ಸು ಹಂಚಿತು. 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ನಿಮಗೆ 2013-14ರಿಂದಲೇ ಮಾನ್ಯತೆ ಇಲ್ಲ ಅಂದಿತು. ಓದಿ, ಬರೆದು, ಪಾಸಾಗಿ, ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡಿದ್ದವರಿಗೆ ಘಟನೋತ್ತರ ನಪಾಸು! ಮಾನ್ಯತೆ ಮರಳಿ ಬಂದದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದವರ ವಯಸ್ಸು ಮಾತ್ರ ಯಾರ ಅನುಮೋದನೆಗೂ ಕಾಯದೆ ಏರಿತು.

ಕಳೆದ ವಾರ ರಾಯರು ಬಂದಿದ್ದರು. ಪಿಂಚಣಿ ಬಂತೇ ಅಂದೆ. ‘ಅದು ಬಿಡಿ, ಮರ ಚಿಗುರಿದೆ’ ಅಂದರು.

ಆಡಳಿತ ಭವನದಲ್ಲಿ ಇದು ದೊಡ್ಡ ತಲೆನೋವಾಗಿದೆಯಂತೆ. ಮರದ ಹೆಸರು ದಾಖಲೆಯಿಂದ ತೆಗೆದಾಗಿದೆ, ಬಿದ್ದದ್ದಕ್ಕೆ ಅನುಮೋದನೆ ಆಗಿದೆ, ನಡಾವಳಿ ದೃಢೀಕರಣವೂ ಆಗಿದೆ. ದೃಢೀಕೃತ ನಡಾವಳಿಗೆ ವಿರುದ್ಧವಾಗಿ ಅದು ಚಿಗುರುವುದು ಹೇಗೆ? ಮೂವರ ಉಪಸಮಿತಿ ರಚಿಸಿದ್ದಾರೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಖಾಲಿ ಇರುವುದರಿಂದ ವಾಣಿಜ್ಯಶಾಸ್ತ್ರದವರನ್ನು ಹಾಕಿಕೊಂಡಿದ್ದಾರೆ. ಸ್ಥಳ ಪರಿಶೀಲನೆಯಲ್ಲಿ ಒಂದು ಸಂಗತಿ ಬಯಲಾಯಿತು: ದಿನಗೂಲಿ ಮಾಲಿಯೊಬ್ಬ ಯಾರನ್ನೂ ಕೇಳದೆ ಆ ಬುಡಕ್ಕೆ ದಿನಾ ಒಂದು ಬಿಂದಿಗೆ ನೀರು ಹಾಕುತ್ತಿದ್ದ. ತಕ್ಷಣ ಕಾರಣ ಕೇಳಿ ನೋಟಿಸು ಹೋಯಿತು. ಮಾಲಿ ಗುಮಾಸ್ತರ ಕೈಲಿ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿ ಕೊಟ್ಟ ಉತ್ತರ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ:

‘ಬಿಸಿಲು ಜಾಸ್ತಿ ಇತ್ತು ಬುದ್ಧಿ. ತುರ್ತಾಗಿತ್ತು.’