ಯಾರ ಉಪ್ಪು?

ನನ್ನ ಗೆಳೆಯನೊಬ್ಬ ಒಮ್ಮೆ ಹಾವು ಕಂಡ. ಮೊದಲ ದಿನ ಅದು ಮೊಳದುದ್ದವಿತ್ತು. ವಾರ ಕಳೆಯುವುದರೊಳಗೆ ಮಾರುದ್ದವಾಯಿತು. ಮೂರನೆಯ ಸಲ ಹೇಳುವಾಗ ಚಾಚಿದ ಎರಡು ಕೈಗಳೂ ಸಾಲದೆ, ಬಾಗಿಲಿನಿಂದ ಕಿಟಕಿಯವರೆಗೆ ನಡೆದು ತೋರಿಸಿದ. ಉಪ್ಪು ಖಾರ ಹಚ್ಚಿ ಹೇಳುವುದೆಂದರೆ ಇದೇ.

ಲ್ಯಾಟಿನ್ನಿನವರೂ ಇಂಥ ಕಡೆ ಉಪ್ಪನ್ನೇ ನೆನೆಯುತ್ತಾರೆ. ‘ಕುಮ್ ಗ್ರಾನೋ ಸಾಲಿಸ್’, ಅಂದರೆ ಒಂದು ಹರಳು ಉಪ್ಪಿನೊಂದಿಗೆ. ಆದರೆ ಅಲ್ಲಿ ಉಪ್ಪು ಬೆರೆಸಿಕೊಳ್ಳಬೇಕಾದವನು ಕೇಳುಗ. ಹೇಳಿದ್ದನ್ನೆಲ್ಲ ಹಾಗೆಯೇ ನುಂಗಬೇಡ, ಚೂರು ಅನುಮಾನವೂ ಇರಲಿ ಎಂಬುದು ಅದರ ತಾತ್ಪರ್ಯ. ಕನ್ನಡದ ಉಪ್ಪು ಹೇಳುವವನ ಕೈಯಲ್ಲಿ, ಲ್ಯಾಟಿನ್ನಿನ ಉಪ್ಪು ಕೇಳುವವನ ಕೈಯಲ್ಲಿ. ಎರಡೂ ಭಾಷೆ ಬಲ್ಲವನೊಬ್ಬ ನನ್ನ ಗೆಳೆಯನ ಎದುರು ಕುಳಿತರೆ ಆ ಹಾವಿನ ಕಥೆ ಬಾಯಿಗಿಡುವಂತಿರುವುದಿಲ್ಲ.

ಈ ಹರಳಿನ ಜಾಡು ಹಿಡಿದು ಹೋದವರು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯ ಬಳಿ ನಿಲ್ಲುತ್ತಾರೆ. ಅವನು ಹೇಳುವಂತೆ, ಕಪ್ಪು ಸಮುದ್ರದ ದಂಡೆಯ ಪಾಂಟಸ್ ರಾಜ್ಯದ ದೊರೆ ಮಿತ್ರಿಡೇಟಿಸ್‌ಗೆ ವಿಷಪ್ರಾಶನದ ಭಯ. ಅವನನ್ನು ಸೋಲಿಸಿದ ರೋಮನ್ ಸೇನಾಪತಿ ಪಾಂಪೆಗೆ ದೊರೆಯ ಕೈಬರಹದಲ್ಲೇ ಒಂದು ಮದ್ದಿನ ವಿವರ ಸಿಕ್ಕಿತಂತೆ: 2 ಒಣ ಅಕ್ರೋಟು, 2 ಅಂಜೂರ, ಕಟುವಾಸನೆಯ ಒಂದು ಗಿಡದ 20 ಎಲೆ ಅರೆದು, ಒಂದು ಹರಳು ಉಪ್ಪು ಸೇರಿಸಬೇಕು. ಖಾಲಿ ಹೊಟ್ಟೆಯಲ್ಲಿ ತಿಂದರೆ ಆ ದಿನ ಯಾವ ವಿಷವೂ ತಟ್ಟದು. ಮದ್ದಿನ ಫಲವೋ ಏನೋ, ಕೊನೆಗೆ ಕ್ರಿ.ಪೂ. 63ರಲ್ಲಿ ಸಾಯಲೆಂದು ಅವನೇ ವಿಷ ಕುಡಿದರೂ ಅದು ಏರಲಿಲ್ಲ, ಕತ್ತಿಯಿಂದ ಇರಿಯುವಂತೆ ಕಾವಲಿನವನನ್ನೇ ಬೇಡಬೇಕಾಯಿತು ಎನ್ನುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆಯನ್ನು ಇಲ್ಲಿ ತುರುಕುವ ಆಸೆಯೇನೋ ಇದೆ. ಕೂರುವುದಿಲ್ಲ, ಬಿಟ್ಟೆ.

ಇಂಗ್ಲಿಷಿನ ‘ಸ್ಯಾಲರಿ’ಯೂ ಉಪ್ಪಿನ ಕುಲದ್ದೇ. ಲ್ಯಾಟಿನ್ನಿನ ‘ಸಾಲ್’ ಎಂದರೆ ಉಪ್ಪು, ಅದರಿಂದ ‘ಸಲಾರಿಯಂ’. ಇಷ್ಟು ನಿಜ. ರೋಮನ್ ಸೈನಿಕರಿಗೆ ಸಂಬಳವನ್ನು ಉಪ್ಪಿನಲ್ಲೇ ಅಳೆದು ಕೊಡುತ್ತಿದ್ದರು ಎಂಬುದಕ್ಕೆ ಮಾತ್ರ ಪ್ರಾಚೀನ ಬರಹಗಳಲ್ಲಿ ಆಧಾರವಿಲ್ಲ. ಯಾರೋ ಉಪ್ಪು ಖಾರ ಹಚ್ಚಿದ್ದಾರೆ. ಅದೂ ಉಪ್ಪಿನ ಕಥೆಗೇ! ನಾನೇ ಎಷ್ಟೋ ವರ್ಷ ಅದನ್ನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಗೆಳೆಯ ಮೊನ್ನೆ ಮತ್ತೆ ಸಿಕ್ಕಿದ್ದ. ಹಾವಿಗೆ ಈಗ ಹೆಡೆಯೂ ಬಂದಿದೆ.