ಗಿಡದ ಬಲ ಸರಿ, ಡೋಸಿನ ಲೆಕ್ಕ?

ಅರಿಶಿನದ ಕರ್ಕ್ಯುಮಿನ್, ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಮಲೇರಿಯಾ ಔಷಧಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಸುದ್ದಿ ಆಗಾಗ ಓಡಾಡುತ್ತದೆ. ಅದರ ಬೆನ್ನಿಗೇ "ಗಿಡದ್ದು ತಾನೇ, ತಗೊಂಡ್ರೆ ಏನು ನಷ್ಟ?" ಎಂಬ ಪ್ರಶ್ನೆ. ಸುದ್ದಿಗಿಂತ ಈ ಪ್ರಶ್ನೆಯೇ ನನ್ನನ್ನು ಕೆಣಕುತ್ತದೆ. ಗಿಡದ ಅಂಶವೊಂದು ಮಾತ್ರೆಯ ಬಲ ಹೆಚ್ಚಿಸುವುದು ನಿಜವೇ ಆದರೆ, ಎಷ್ಟೋ ಸಲ ಅದು ಡೋಸ್ ಏರಿಸಿದ್ದಕ್ಕೆ ಸಮ. ಡೋಸ್ ಏರಿತು ಅಂದಮೇಲೆ ಅಳೆದು ನೋಡದೆ ಮುಂದೆ ಹೋಗುವ ಹಾಗಿಲ್ಲ.

ಗಿಡಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಮಲೇರಿಯಾದ ಮಟ್ಟಿಗೆ ಯಾರಿಗೂ ಇರಬಾರದು. 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಸಿಕ್ಕಿತು. ಚೀನಾದ ವಿಜ್ಞಾನಿ ತು ಯೂಯೂ ಹಳೆಯ ವೈದ್ಯಗ್ರಂಥವೊಂದರಲ್ಲಿ ಆರ್ಟಿಮಿಸಿಯಾ ಗಿಡದ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂಬ ಸಾಲು ಓದಿದರು. ಕುದಿಸಿದರೆ ಸಾರ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಬಿಸಿಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1972ರ ಹೊತ್ತಿಗೆ ಆ ಸೊಪ್ಪಿನ ಮಲೇರಿಯಾ ಮದ್ದು ಆರ್ಟಿಮಿಸಿನಿನ್ ಶುದ್ಧರೂಪದಲ್ಲಿ ಕೈಗೆ ಬಂತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕತೆ ಹೇಳುವವರು ಹಳೆಯ ಗ್ರಂಥದ ಹತ್ತಿರವೇ ನಿಂತುಬಿಡುತ್ತಾರೆ. ಅಲ್ಲಿಂದ ಮುಂದಿನ ಸೋಸುವಿಕೆ, ಪರೀಕ್ಷೆ, ತೂಕ ಇವೆಲ್ಲ ಯಾರಿಗೂ ಬೇಡ.

ಆರ್ಟಿಮಿಸಿನಿನ್ ಬಳಗದ ಔಷಧಿಗಳು ರೋಗಾಣುವನ್ನು ಬೇಗ ಕೊಲ್ಲುತ್ತವೆ, ಆದರೆ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುತ್ತವೆ. ಉಳಿದ ರೋಗಾಣು ಮತ್ತೆ ಬೆಳೆಯದಿರಲಿ ಎಂದು ರಕ್ತದಲ್ಲಿ ಹೆಚ್ಚು ದಿನ ಉಳಿಯುವ ಲ್ಯೂಮೆಫ್ಯಾಂಟ್ರಿನ್, ಪೈಪೆರಾಕ್ವಿನ್‌ನಂಥವನ್ನು ಜೊತೆಗೆ ಕೊಡುತ್ತಾರೆ. ಈಗ ಈ ಜೋಡಿಗೂ ಪೆಟ್ಟು ಬೀಳುತ್ತಿದೆ. ಕಾಂಬೋಡಿಯಾದಲ್ಲಿ ಮೊದಲು ಕಂಡ ಆರ್ಟಿಮಿಸಿನಿನ್ ನಿರೋಧ (ರೋಗಾಣು ಔಷಧಿಗೆ ಬಗ್ಗದಿರುವುದು) ಈಗ ರುವಾಂಡಾ, ಉಗಾಂಡಾ, ಎರಿಟ್ರಿಯಾಗಳಲ್ಲೂ ಇದೆ. 2023ರಲ್ಲಿ ಮಲೇರಿಯಾದಿಂದ ಸತ್ತವರು 5.97 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಸ ಔಷಧಿ ಬರಲು ವರ್ಷಗಟ್ಟಲೆ ಬೇಕು, ಹಾಗಾಗಿ ಇರುವ ಔಷಧಿಗೆ ಊರುಗೋಲು ಹುಡುಕುವುದು ಜಾಣತನವೇ.

ಆ ಹುಡುಕಾಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಳೆಯ ಮಲೇರಿಯಾ ಔಷಧಿ ಕ್ಲೋರೋಕ್ವಿನ್‌ನ ಪ್ರಸಂಗ. ರೋಗಾಣು ನಮ್ಮ ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದಾಗ ಉಳಿಯುವ, ಕಬ್ಬಿಣವಿರುವ ಹೀಮ್ ಎಂಬ ಅಂಶ ಅದಕ್ಕೇ ವಿಷ, ಅದಕ್ಕಾಗಿ ಅದನ್ನು ಹರಳುಗಟ್ಟಿಸಿ ಪಕ್ಕಕ್ಕಿಡುತ್ತದೆ. ಕ್ಲೋರೋಕ್ವಿನ್ ಈ ಹರಳುಗಟ್ಟುವಿಕೆಯನ್ನು ತಡೆಯುತ್ತದೆ. ನಿರೋಧ ಗಳಿಸಿದ ರೋಗಾಣುವಿನಲ್ಲಿ ಪಿಎಫ್‌ಸಿಆರ್‌ಟಿ ಎಂಬ ಪ್ರೋಟೀನು ಬದಲಾಗಿರುತ್ತದೆ, ಔಷಧಿಯನ್ನು ರೋಗಾಣುವಿನ ಜೀರ್ಣಕೋಶದಿಂದ ಹೊರಗೆ ದಬ್ಬುತ್ತದೆ. ಹೃದ್ರೋಗದ ವೆರಾಪಮಿಲ್ ಸೇರಿಸಿದರೆ ಕ್ಲೋರೋಕ್ವಿನ್‌ನ ಬಲ ಮರಳುತ್ತದೆ ಎಂದು 1987ರಲ್ಲಿ ಪ್ರಯೋಗಾಲಯದಲ್ಲಿ ಕಂಡಿತು. ಸ್ಟೆಫಾನಿಯಾ ಎಂಬ ಬಳ್ಳಿಯ ಬೇರಿನಲ್ಲಿರುವ ಟೆಟ್ರಾಂಡ್ರಿನ್ ಕೂಡ ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡಿ ತೋರಿಸಿತು. ಎಂಥ ಚೆಂದದ ಉಪಾಯ! ಆದರೆ ವೆರಾಪಮಿಲ್ ಅಷ್ಟು ಪ್ರಮಾಣದಲ್ಲಿ ಮನುಷ್ಯನ ರಕ್ತದಲ್ಲಿರಬೇಕೆಂದರೆ ಹೃದಯವೇ ತಡೆದುಕೊಳ್ಳುವುದಿಲ್ಲ.

ಪೈಪರಿನ್ ದಾರಿ ಬೇರೆ. ರೋಗಾಣುವಿನ ತಂಟೆಗೆ ಹೋಗದೆ, ಔಷಧಿಯನ್ನು ಒಡೆದು ಹೊರಹಾಕುವ ನಮ್ಮ ಕರುಳು, ಯಕೃತ್ತಿನ ಕಿಣ್ವಗಳ ಕೈ ಕಟ್ಟುತ್ತದೆ. 1998ರ ಒಂದು ಅಧ್ಯಯನದಲ್ಲಿ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ಮನುಷ್ಯರಲ್ಲಿ ಕರ್ಕ್ಯುಮಿನ್‌ನ ಲಭ್ಯತೆ (ರಕ್ತ ಸೇರುವ ಪ್ರಮಾಣ) ಸುಮಾರು 20 ಪಟ್ಟು ಏರಿತು. ಜನ ಇದನ್ನು ಸಂಭ್ರಮದಿಂದ ಹೇಳುತ್ತಾರೆ, ನನಗೆ ಭಯವಾಗುತ್ತದೆ. ಕ್ವಿನೈನ್, ಆರ್ಟಿಮಿಸಿನಿನ್ ಬಳಗದ ಆರ್ಟಿಮೀಥರ್, ಲ್ಯೂಮೆಫ್ಯಾಂಟ್ರಿನ್ ಮೂರೂ ಬಹುಪಾಲು ಪೈಪರಿನ್ ತಡೆಯುವ ಕಿಣ್ವವೊಂದರಿಂದಲೇ (ಸಿವೈಪಿ3ಎ4) ಒಡೆಯುವಂಥವು. ಕ್ವಿನೈನ್ ಅಳತೆ ಮೀರಿದರೆ ಕಿವಿಯಲ್ಲಿ ಗುಂಯ್‌ಗುಡುವುದರಿಂದ ಶುರುವಾಗಿ ಸಕ್ಕರೆ ಕುಸಿಯುವವರೆಗೆ, ಎದೆಬಡಿತ ತಪ್ಪುವವರೆಗೆ ಹೋಗಬಹುದು. (ಲ್ಯೂಮೆಫ್ಯಾಂಟ್ರಿನ್ ಕೊಬ್ಬಿನಂಶ ಇರುವ ಊಟದ ಜೊತೆ ಹೋದರೆ ದೇಹ ಅದನ್ನು ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಇದು ಪರೀಕ್ಷಿಸಿ ಒಪ್ಪಿದ ಮಾತು. ಇಷ್ಟು ಸುಲಭದ ಸಲಹೆಯನ್ನು ಬಿಟ್ಟು ಮೆಣಸಿನ ಪುಡಿಯ ಹಿಂದೆ ಬೀಳುವುದೇಕೋ.)

ಕರ್ಕ್ಯುಮಿನ್ ವಿಷಯದಲ್ಲಿ ಗಂಭೀರ ಕೆಲಸ ಆಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಂಕಿದ ಇಲಿಗಳಿಗೆ ಆರ್ಟಿಮಿಸಿನಿನ್ ಬಳಗದ ಆರ್ಟಿಈಥರ್‌ನ ಒಂದು ಚುಚ್ಚುಮದ್ದಿನ ನಂತರ ಮೂರು ಸಲ ಕರ್ಕ್ಯುಮಿನ್ ಕುಡಿಸಿದಾಗ ಹೆಚ್ಚುಕಡಿಮೆ ಎಲ್ಲವೂ ಬದುಕುಳಿದವು, ಸೋಂಕು ಮರುಕಳಿಸಲಿಲ್ಲ. ಒಳ್ಳೆಯ ಫಲಿತಾಂಶ. ಆದರೆ ಮನುಷ್ಯನ ಕರುಳು ಕರ್ಕ್ಯುಮಿನ್ ಅನ್ನು ಬಹಳ ಕಡಿಮೆ ಹೀರುತ್ತದೆ, ಪ್ರಯೋಗಾಲಯದ ಪರೀಕ್ಷೆಗಳನ್ನೂ ಅದು ಸುಲಭವಾಗಿ ದಾರಿ ತಪ್ಪಿಸುತ್ತದೆ ಎಂದು ರಸಾಯನತಜ್ಞರು ಎಚ್ಚರಿಸಿದ್ದಾರೆ. ಇಲಿಯ ಪ್ರಯೋಗವನ್ನು ಹಿಡಿದು ಜ್ವರ ಬಂದವರಿಗೆ ಸಲಹೆ ಕೊಡುವುದು ಆ ವಿಜ್ಞಾನಿಗಳಿಗೇ ಮಾಡುವ ಅನ್ಯಾಯ.

ಆರ್ಟಿಮಿಸಿಯಾ ಎಲೆಯ ಕ್ಯಾಸ್ಟಿಸಿನ್‌ನಂಥ ಫ್ಲೇವನಾಯ್ಡ್‌ ಎಂಬ ಸಸ್ಯಾಂಶಗಳು ಆರ್ಟಿಮಿಸಿನಿನ್‌ನ ಬಲ ಹೆಚ್ಚಿಸಿದ್ದೂ ಪ್ರಯೋಗಾಲಯದಲ್ಲೇ. ಅದನ್ನು ಹಿಡಿದು "ಎಲೆ ಚಹಾ ಸಾಕು" ಅನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಬೆಂಬಲಿಸುವುದಿಲ್ಲ ಎಂದಿತು, ಸರಿಯಾಗಿಯೇ ಹೇಳಿತು. ಗಿಡದಿಂದ ಗಿಡಕ್ಕೆ ಸಾರ ಬದಲಾಗುತ್ತದೆ. ಅರೆಬರೆ ಡೋಸಿನಲ್ಲಿ ಬದುಕುಳಿದ ರೋಗಾಣುವೇ ನಿರೋಧಕ್ಕೆ ಬೀಜ.

ಇನ್ನು ಮುಂದೆ ಇಂಥ ಸುದ್ದಿ ಕಂಡರೆ ನಾನು ಹುಡುಕುವುದು ಇಷ್ಟೇ: ಪ್ರಯೋಗ ಮನುಷ್ಯರ ಮೇಲೆ ನಡೆದಿದೆಯೇ, ರಕ್ತದಲ್ಲಿ ಔಷಧಿಯ ಮಟ್ಟ ಎಷ್ಟಕ್ಕೇರಿತು, ಇಸಿಜಿ ತೆಗೆದಿದ್ದಾರೆಯೇ, ಚಿಕಿತ್ಸೆ ಶುರುವಾದ ಮೇಲೆ 28ನೇ ದಿನದ ರಕ್ತಪರೀಕ್ಷೆಯಲ್ಲಿ ರೋಗಾಣು ಮತ್ತೆ ಕಂಡಿತೇ.