ಡಬ್ಬಿ ಬದಲಿಸುವ ಮುಂಚೆ ಅಳತೆ ನೋಡಿ
ಮಗು ಹಾಲು ಕಕ್ಕುತ್ತಿದ್ದರೆ ಮೊದಲು ಫಾರ್ಮುಲಾ (ಮಕ್ಕಳಿಗೆ ಕೊಡುವ ಡಬ್ಬಿಯ ಹಾಲಿನ ಪುಡಿ) ಬದಲಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ಮಗಳಿಗೆ ಮೂರು ತಿಂಗಳಿದ್ದಾಗ ಹದಿನೈದೇ ದಿನದಲ್ಲಿ ಮೂರು ಡಬ್ಬಿ ಬದಲಿಸಿದೆವು. ನನ್ನ ಹೆಗಲ ಮೇಲಿನ ಬಟ್ಟೆ ಒಣಗುತ್ತಲೇ ಇರಲಿಲ್ಲ, ಮನೆಯೆಲ್ಲಾ ಹುಳಿ ವಾಸನೆ. ಕೊನೆಗೆ ಮಕ್ಕಳ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಒಂದು ಸಲಕ್ಕೆ ಎಷ್ಟು ಕುಡಿಸುತ್ತೀರಿ? ಅಳುತ್ತಾಳೆ ಅಂತ 150 ಮಿ.ಲೀ. ಕುಡಿಸುತ್ತಿದ್ದೆವು! ಅವರು ಹೇಳಿದಂತೆ 90ಕ್ಕೆ ಇಳಿಸಿ, ಸಲ ಜಾಸ್ತಿ ಮಾಡಿದೆವು. ಕುಡಿಸಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ತಿಕೊಂಡೆವು. ವಾರದಲ್ಲಿ ಎಷ್ಟೋ ಕಡಿಮೆಯಾಯಿತು.

ಎಳೆ ಮಕ್ಕಳಲ್ಲಿ ಅನ್ನನಾಳದ ತುದಿಯ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಹಾಲು ಮೇಲೆ ಬರುತ್ತದೆ. ವರ್ಷ ತುಂಬುವಷ್ಟರಲ್ಲಿ ಬಹಳಷ್ಟು ಮಕ್ಕಳಿಗೆ ತಾನಾಗಿಯೇ ನಿಲ್ಲುತ್ತದೆ. ಹಾಲು ಗಟ್ಟಿಯಾಗಲಿ ಅಂತ ಸುಮ್ನೆ ಪುಡಿ ಜಾಸ್ತಿ ಹಾಕಬೇಡಿ. ಮಲಗಿಸುವುದು ಬೆನ್ನ ಮೇಲೆಯೇ, ಕಕ್ಕುವ ಮಗುವನ್ನೂ ಸಹ.

ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿಯಿದ್ದರೆ ಬೇರೆ ಫಾರ್ಮುಲಾ ಬೇಕು, ನಿಜ. ಆದರೆ ಅದನ್ನು ಡಾಕ್ಟರು ಹೇಳಬೇಕು, ಮೆಡಿಕಲ್ ಶಾಪಿನವರಲ್ಲ, ಅಲ್ವಾ? ತೂಕ ಏರದಿದ್ದರೆ ತಡಮಾಡದೆ ತೋರಿಸಿ. ವಾಂತಿ ಹಸಿರಾಗಿದ್ದರೆ, ರಕ್ತವಿದ್ದರೆ, ಪ್ರತಿ ಸಲವೂ ದೂರಕ್ಕೆ ಚಿಮ್ಮುತ್ತಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ.